ಚಾವಣಿ ಎತ್ತುವ ಹಗ್ಗ: ಗಣಿಯಿಂದ ಬಂದ ಪಾಠ

ಅಮೆರಿಕದಲ್ಲಿ ರಜೆಯ ಪ್ರವಾಸಕ್ಕೆ ಹೊರಡುವ ಎಷ್ಟೋ ಕುಟುಂಬಗಳು ಕಾರಿನ ಹಿಂದೆ ಒಂದು ಮಡಚುವ ಮನೆಯನ್ನು ಎಳೆದೊಯ್ಯುತ್ತವೆ. ಇದರ ಹೆಸರು 'ಪಾಪ್‌-ಅಪ್ ಕ್ಯಾಂಪರ್'. ರಸ್ತೆಯಲ್ಲಿ ಸಾಗುವಾಗ ಇದು ಎರಡು ಚಕ್ರಗಳ ಮೇಲಿನ ತಗ್ಗಾದ ಪೆಟ್ಟಿಗೆ. ತಂಗುವ ಜಾಗ ತಲುಪಿ ಹಿಡಿಯೊಂದನ್ನು ತಿರುಗಿಸಿದರೆ ಚಾವಣಿ ಮೇಲೇಳುತ್ತದೆ, ಸುತ್ತಲೂ ಕ್ಯಾನ್ವಾಸ್ ಗೋಡೆಗಳು ಬಿಚ್ಚಿಕೊಳ್ಳುತ್ತವೆ.

ತಿರುಗಿಸುವ ಹಿಡಿ ಒಂದು, ಏಳಬೇಕಾದ ಮೂಲೆಗಳು ನಾಲ್ಕು. ಇದು ಹೇಗೆ ಸಾಧ್ಯ? ಹೆಚ್ಚು ಬಳಕೆಯಲ್ಲಿರುವ ಒಂದು ವಿನ್ಯಾಸವನ್ನು ನೋಡೋಣ. ಹಿಡಿ ತಿರುಗಿದಾಗ ವಿಂಚ್‌ನ ಉರುಳೆಗೆ ಉಕ್ಕಿನ ತಂತಿಹಗ್ಗ ಸುತ್ತಿಕೊಳ್ಳುತ್ತದೆ. ಆ ಹಗ್ಗದ ಇನ್ನೊಂದು ತುದಿ ನೆಲಹಾಸಿನ ಅಡಿಯಲ್ಲಿರುವ ಒಂದು ಪಟ್ಟಿಯನ್ನು ಎಳೆಯುತ್ತದೆ. ಪಟ್ಟಿಗೆ ಕಟ್ಟಿದ ನಾಲ್ಕು ಹಗ್ಗಗಳು ರಾಟೆಗಳನ್ನು ಹಾದು ನಾಲ್ಕು ಬಿಗಿಸುರುಳಿಯ ಸ್ಪ್ರಿಂಗ್‌ಗಳನ್ನು ಸರಿಸುತ್ತವೆ. ಈ ಸ್ಪ್ರಿಂಗ್‌ಗಳು ಬಾಗಿದ ಕೊಳವೆಗಳಲ್ಲಿ ಜಾರಿ, ಒಂದರೊಳಗೊಂದು ಸೇರಿದ ಕಂಬಗಳನ್ನು ಮೇಲಕ್ಕೆ ತಳ್ಳುತ್ತವೆ.

ಚಾವಣಿಯ ರಾಶಿ 120 ಕಿ.ಗ್ರಾಂ. ಎಂದಿಟ್ಟುಕೊಳ್ಳೋಣ. ಹಿಡಿಯ ತೋಳು 20 ಸೆಂ.ಮೀ., ಉರುಳೆಯ ತ್ರಿಜ್ಯ 2.5 ಸೆಂ.ಮೀ., ಹಲ್ಲುಚಕ್ರಗಳ ಅನುಪಾತ 4 ಆಗಿದ್ದರೆ ಯಾಂತ್ರಿಕ ಲಾಭ 32. ಘರ್ಷಣೆಯನ್ನು ಬಿಟ್ಟರೆ ಹಿಡಿಯ ಮೇಲೆ 4 ಕಿ.ಗ್ರಾಂ. ತೂಕದಷ್ಟು ಬಲ ಸಾಕು. ಅನುಕೂಲದ ಜೊತೆಗೆ ಅಪಾಯವೂ ಇಲ್ಲೇ ಇದೆ. ತಿರುಗಿಸುವ ಕೈಗೆ ತಿಳಿಯುವುದು 4 ಕಿ.ಗ್ರಾಂ., ಹಗ್ಗ ಹೊತ್ತಿರುವುದು 120 ಕಿ.ಗ್ರಾಂ.

ಕೆಲವು ವರ್ಷ ಕಳೆದ ಮೇಲೆ ಒಂದು ಮೂಲೆ ಹಿಂದೆ ಬೀಳತೊಡಗುತ್ತದೆ. ಹಗ್ಗದ ತಂತಿಗಳು ಮುಳ್ಳಿನಂತೆ ಎದ್ದು ನಿಲ್ಲುತ್ತವೆ. ಕೊನೆಗೊಂದು ದಿನ ಹಗ್ಗ ತುಂಡಾಗುತ್ತದೆ. ಅದು ತುಂಡಾಗುವುದು ಸಾಮಾನ್ಯವಾಗಿ ರಾಟೆಯ ಮೇಲೆ ಹಾದುಹೋಗುವ ಭಾಗದಲ್ಲಿ. ಇಷ್ಟು ವರ್ಷ ಇದೇ ಭಾರವನ್ನು ಹೊತ್ತ ಹಗ್ಗ ಈಗೇಕೆ ಸೋತಿತು? ಇನ್ನೂ ದಪ್ಪನೆಯ ಹಗ್ಗ ಹಾಕಿದರೆ ಸರಿಹೋಗುತ್ತದೆಯೆ? ಇದಕ್ಕೆ ಉತ್ತರ ಹುಡುಕಲು ಸುಮಾರು ಇನ್ನೂರು ವರ್ಷ ಹಿಂದಕ್ಕೆ, ಜರ್ಮನಿಯ ಹಾರ್ಜ್ ಬೆಟ್ಟಗಳ ಗಣಿಗಳಿಗೆ ಹೋಗಬೇಕು.

ಅಲ್ಲಿ ಅದಿರನ್ನು ಮೇಲೆತ್ತಲು ಸೆಣಬಿನ ಹಗ್ಗ ಅಥವಾ ಕಬ್ಬಿಣದ ಸರಪಳಿಯನ್ನು ಬಳಸುತ್ತಿದ್ದರು. ಸೆಣಬು ಕೊಳೆಯುತ್ತಿತ್ತು. ಸರಪಳಿ ಯಾವ ಮುನ್ಸೂಚನೆಯೂ ಇಲ್ಲದೆ ಮುರಿಯುತ್ತಿತ್ತು. ಒಂದು ಕೊಂಡಿ ಹೋದರೆ ಇಡೀ ಸರಪಳಿಯೇ ಹೋದಂತೆ. ಕ್ಲಾಸ್ತಾಲ್‌ನ ಗಣಿ ಅಧಿಕಾರಿ ವಿಲ್ಹೆಲ್ಮ್ ಆಲ್ಬರ್ಟ್ (1787-1846) ಈ ಸಮಸ್ಯೆಯನ್ನು ಕೈಗೆತ್ತಿಕೊಂಡ. 1829ರ ಹೊತ್ತಿಗೆ ಆತ ಸರಪಳಿಯ ಮೇಲೆ ಮತ್ತೆ ಮತ್ತೆ ಹೊರೆ ಹೇರಿ ಪರೀಕ್ಷಿಸುತ್ತಿದ್ದ. ಒಮ್ಮೆ ಸಲೀಸಾಗಿ ಹೊರುವ ಭಾರವೇ ಸಾವಿರಾರು ಬಾರಿ ಮರುಕಳಿಸಿದಾಗ ಕೊಂಡಿಯನ್ನು ಮುರಿಯಬಲ್ಲದು ಎಂಬುದು ತಿಳಿದುಬಂತು. ಇದನ್ನೇ ಇಂದು ನಾವು 'ಲೋಹದ ಬಳಲಿಕೆ' ಎನ್ನುತ್ತೇವೆ. ಹೊರೆ ಎಷ್ಟು ಎಂಬುದರ ಜೊತೆಗೆ ಎಷ್ಟು ಬಾರಿ ಎಂದೂ ಕೇಳಿದ್ದು ಆಲ್ಬರ್ಟನ ಹೆಚ್ಚುಗಾರಿಕೆ.

1834ರಲ್ಲಿ ಆತನ ತಂತಿಹಗ್ಗ ಕ್ಯಾರೊಲಿನ್ ಗಣಿಯಲ್ಲಿ ಕೆಲಸಕ್ಕೆ ಇಳಿಯಿತು. ಸುಮಾರು 3.5 ಮಿ.ಮೀ. ದಪ್ಪದ ನಾಲ್ಕು ತಂತಿಗಳನ್ನು ಹೊಸೆದು ಒಂದು ಹುರಿ, ಅಂಥ ಮೂರು ಹುರಿಗಳನ್ನು ಹೊಸೆದು ಒಂದು ಹಗ್ಗ. ಹೊಸೆದದ್ದೆಲ್ಲ ಕೈಯಿಂದಲೇ. ಹನ್ನೆರಡು ತಂತಿಗಳಲ್ಲಿ ಒಂದು ಮುರಿದರೂ ಉಳಿದವು ಹೊರೆಯನ್ನು ಹಿಡಿದಿರುತ್ತವೆ. ಮುರಿದ ತುದಿ ಕಣ್ಣಿಗೆ ಬಿದ್ದು ಎಚ್ಚರಿಸುತ್ತದೆ. ಸರಪಳಿಯಲ್ಲಿ ಇಲ್ಲದ ಮುನ್ಸೂಚನೆ ಹಗ್ಗದಲ್ಲಿ ದೊರೆಯಿತು.

ಈ ವಿದ್ಯೆ ಬೇಗನೆ ಅಟ್ಲಾಂಟಿಕ್ ದಾಟಿತು. ಜರ್ಮನಿಯಿಂದ ವಲಸೆ ಹೋಗಿದ್ದ ಜಾನ್ ರೋಬ್ಲಿಂಗ್ 1841ರಲ್ಲಿ ಪೆನ್ಸಿಲ್ವೇನಿಯಾದ ಸ್ಯಾಕ್ಸನ್‌ಬರ್ಗ್‌ನಲ್ಲಿ ತಂತಿಹಗ್ಗ ತಯಾರಿಸಿದ. ಅಲಿಗೇನಿ ಬೆಟ್ಟದ ಇಳಿಜಾರು ರೈಲುಹಾದಿಗಳಲ್ಲಿ ಅದು ಸೆಣಬಿನ ಹಗ್ಗದ ಜಾಗವನ್ನು ಹಿಡಿಯಿತು. ನಮ್ಮ ಕೋಲಾರದ ಚಿನ್ನದ ಗಣಿಯೂ ಇದೇ ಪರಂಪರೆಗೆ ಸೇರಿದ್ದು. 2001ರಲ್ಲಿ ಮುಚ್ಚಿದ ಆ ಗಣಿಗಳಲ್ಲಿ ಚಾಂಪಿಯನ್ ರೀಫ್‌ನ ಆಳ 3 ಕಿ.ಮೀ.ಗೂ ಹೆಚ್ಚು. ಉಕ್ಕಿನ ಹಗ್ಗವಿಲ್ಲದೆ ಅಂಥ ಆಳಕ್ಕೆ ಮನುಷ್ಯರನ್ನು ಇಳಿಸಿ ಮೇಲೆತ್ತುವುದು ಆಗುತ್ತಿರಲಿಲ್ಲ.

ಈಗ ಕ್ಯಾಂಪರ್‌ಗೆ ಮರಳೋಣ. ತಂತಿಯೊಂದು ರಾಟೆಯ ಮೇಲೆ ಬಾಗಿದಾಗ ಅದರ ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ. ಹಿಗ್ಗಿನ ವಿಕೃತಿ ಹೆಚ್ಚುಕಡಿಮೆ ತಂತಿಯ ವ್ಯಾಸವನ್ನು ರಾಟೆಯ ವ್ಯಾಸದಿಂದ ಭಾಗಿಸಿದಷ್ಟು. 5 ಮಿ.ಮೀ. ದಪ್ಪದ ಹಗ್ಗವನ್ನು ತಲಾ 19 ತಂತಿಗಳ 7 ಹುರಿಗಳಿಂದ, ಅಂದರೆ 133 ತಂತಿಗಳಿಂದ ಹೊಸೆದಿದ್ದರೆ, ಒಂದು ತಂತಿಯ ವ್ಯಾಸ ಸುಮಾರು 0.33 ಮಿ.ಮೀ. ರಾಟೆಯ ವ್ಯಾಸ 50 ಮಿ.ಮೀ. ಇದ್ದರೆ ವಿಕೃತಿ ಸುಮಾರು 1/150. ಉಕ್ಕಿನ ಯಂಗ್ ಗುಣಾಂಕ 200 ಗಿಗಾಪ್ಯಾಸ್ಕಲ್ ಆದ್ದರಿಂದ ಬಾಗುವುದರಿಂದಲೇ ಉಂಟಾಗುವ ಪೀಡನ ಸುಮಾರು 1,300 ಮೆಗಾಪ್ಯಾಸ್ಕಲ್. ಇನ್ನು 120 ಕಿ.ಗ್ರಾಂ.ನ ಭಾರವನ್ನು ಹಗ್ಗದ ಸುಮಾರು 11 ಚದರ ಮಿ.ಮೀ. ಲೋಹ ಹಂಚಿಕೊಂಡಾಗ ಬರುವ ಪೀಡನ 110 ಮೆಗಾಪ್ಯಾಸ್ಕಲ್ ಮಾತ್ರ. ಹೊಸೆದ ಹಗ್ಗದಲ್ಲಿ ಲೆಕ್ಕ ಇಷ್ಟು ಸರಳವಲ್ಲ, ಆದರೂ ಹೋಲಿಕೆ ಸ್ಪಷ್ಟ. ಹಗ್ಗವನ್ನು ಹೆಚ್ಚಾಗಿ ದಣಿಸುವುದು ಚಾವಣಿಯ ತೂಕವಲ್ಲ, ರಾಟೆಯ ಬಾಗು.

ದಪ್ಪ ಹಗ್ಗದ ಪ್ರಶ್ನೆಗೂ ಇಲ್ಲೇ ಉತ್ತರವಿದೆ. ಅದೇ ಹೆಣಿಗೆಯ ಹಗ್ಗ ಒಂದೂವರೆ ಪಟ್ಟು ದಪ್ಪವಾದರೆ ಒಳಗಿನ ತಂತಿಗಳೂ ಒಂದೂವರೆ ಪಟ್ಟು ದಪ್ಪವಾಗುತ್ತವೆ. ರಾಟೆ ಹಳೆಯದೇ ಆಗಿದ್ದರೆ ಬಾಗುವಿಕೆಯ ಪೀಡನವೂ ಅಷ್ಟೇ ಪಟ್ಟು ಏರುತ್ತದೆ. ಬಲವಾದ ಹಗ್ಗ ಎಂದು ಹಾಕಿದ್ದು ಬೇಗ ಬಳಲುತ್ತದೆ. ಆದ್ದರಿಂದ ಮೂಲ ಅಳತೆಯ, ಅದೇ ಹೆಣಿಗೆಯ ಹಗ್ಗವನ್ನೇ ಹಾಕಬೇಕು. ತುಕ್ಕು ಹಿಡಿದು ತಿರುಗದ ರಾಟೆಯನ್ನೂ ಬದಲಿಸಬೇಕು, ಏಕೆಂದರೆ ಅದು ಬಾಗಿಸುವುದರ ಜೊತೆಗೆ ತಂತಿಯನ್ನು ತೇಯುತ್ತದೆ. ಸ್ವಯಂಚಾಲಿತ ಬ್ರೇಕ್ ಇರುವ ವಿಂಚ್‌ನಲ್ಲಿ ಬ್ರೇಕಿನ ಬಿಲ್ಲೆಗಳಿಗೆ ಎಣ್ಣೆ ತಾಗಿಸಬಾರದು, ಅಲ್ಲಿ ಚಾವಣಿಯನ್ನು ತಡೆದು ನಿಲ್ಲಿಸುವುದು ಘರ್ಷಣೆಯೇ.

ಚರಿತ್ರೆಯಿಂದ ಕಲಿಯಬೇಕಾದ ಎರಡನೆಯ ಪಾಠವೊಂದಿದೆ. 1854ರಲ್ಲಿ ನ್ಯೂಯಾರ್ಕಿನ ಕ್ರಿಸ್ಟಲ್ ಪ್ಯಾಲೇಸ್ ಪ್ರದರ್ಶನದಲ್ಲಿ ಎಲಿಷಾ ಓಟಿಸ್ ಎತ್ತುಗದ ಹಲಗೆಯ ಮೇಲೆ ನಿಂತು, ಅದರ ಹಗ್ಗವನ್ನು ಜನರೆದುರೇ ಕಡಿಸಿದ. ಸುರಕ್ಷಾ ಹಲ್ಲುಗಳು ಚಾಚಿಕೊಂಡು ಹಲಗೆಯನ್ನು ಹಿಡಿದವು. ಹಗ್ಗ ಎಂದಾದರೊಮ್ಮೆ ಹರಿದೇ ಹರಿಯುತ್ತದೆ ಎಂದುಕೊಂಡೇ ಆತ ಯಂತ್ರವನ್ನು ರೂಪಿಸಿದ್ದ. ಚಾವಣಿಯ ರಿಪೇರಿಗೆ ಕೂರುವವರೂ ಹಾಗೆಯೇ ಯೋಚಿಸಬೇಕು. ಹಗ್ಗವನ್ನು ಮುಟ್ಟುವ ಮೊದಲು ಚಾವಣಿಯ ನಾಲ್ಕೂ ಮೂಲೆಗೆ ಗಟ್ಟಿಯಾದ ಊರುಗೋಲು ಕೊಡಬೇಕು. ಹಗ್ಗವನ್ನು ನಂಬಿ ಚಾವಣಿಯ ಅಡಿಯಲ್ಲಿ ತಲೆ ಅಥವಾ ಕೈ ಇಡಬಾರದು.

ಶಿಕ್ಷಕರು ಈ ಪಾಠವನ್ನು ತರಗತಿಯಲ್ಲೇ ತೋರಿಸಬಹುದು. ಮಕ್ಕಳು ಕಾಗದದ ಕ್ಲಿಪ್ಪಿನ ತಂತಿಯನ್ನು ಎಷ್ಟು ಜಗ್ಗಿದರೂ ಅದು ತುಂಡಾಗುವುದಿಲ್ಲ. ಒಂದೇ ಕಡೆ ಹಿಂದೆ ಮುಂದೆ ಬಾಗಿಸಿದರೆ ಕೆಲವೇ ಸಲದಲ್ಲಿ ತುಂಡಾಗುತ್ತದೆ. ಕಡಿಮೆ ಕೋನಕ್ಕೆ ಬಾಗಿಸಿದರೆ ಎಷ್ಟು ಸಲ, ಹೆಚ್ಚು ಕೋನಕ್ಕೆ ಎಷ್ಟು ಸಲ ಎಂದು ಎಣಿಸಿ ನಕ್ಷೆ ಬರೆಯಲಿ. ಕ್ಲಾಸ್ತಾಲ್‌ನಲ್ಲಿ ಆಲ್ಬರ್ಟ್ ಹಾಕಿದ ಪ್ರಶ್ನೆಗೆ ಅವರಿಗೆ ಉತ್ತರ ತಮ್ಮ ಕೈಯಲ್ಲೇ ಸಿಗುತ್ತದೆ.