ಬಿಳುಚಿದ ಹವಳ ಸತ್ತೇ ಹೋಯಿತೇ? ಮನೆಯ ಅಕ್ವೇರಿಯಂನಲ್ಲಿ ಅದನ್ನು ಉಳಿಸುವುದು ಹೇಗೆ?

ಉಪ್ಪುನೀರಿನ ಅಕ್ವೇರಿಯಂನಲ್ಲಿರುವ ಹವಳ ಇದ್ದಕ್ಕಿದ್ದಂತೆ ಬೆಳ್ಳಗಾದರೆ, "ಸತ್ತುಹೋಯಿತು, ಎಸೆದುಬಿಡಿ" ಎನ್ನುವವರಿದ್ದಾರೆ. "ಜಾಸ್ತಿ ಬೆಳಕು ಕೊಡಿ, ಸ್ವಲ್ಪ ಉಪ್ಪು ಹಾಕಿ" ಎನ್ನುವವರೂ ಇದ್ದಾರೆ. ಎರಡೂ ಸರಿಯಲ್ಲ. ಏಕೆಂದು ನೋಡೋಣ.

ಬಿಳುಚುವುದು ಎಂದರೇನು?

ಹವಳ ಕಲ್ಲೂ ಅಲ್ಲ, ಗಿಡವೂ ಅಲ್ಲ. ಅದು ಪಾಲಿಪ್ ಎಂಬ ಪುಟ್ಟ ಪ್ರಾಣಿಗಳ ಗುಂಪು. ಅವುಗಳ ಮೈಯೊಳಗೆ ಸೂಕ್ಷ್ಮ ಪಾಚಿ ವಾಸಿಸುತ್ತದೆ. ಹವಳದ ಆಹಾರದ ಹೆಚ್ಚಿನ ಪಾಲು ಈ ಪಾಚಿಯಿಂದಲೇ ಬರುತ್ತದೆ. ಶಾಖ, ಬೆಳಕು ಅಥವಾ ಉಪ್ಪಿನ ಪ್ರಮಾಣ ಏರುಪೇರಾದಾಗ ಹವಳ ಪಾಚಿಯನ್ನು ಕಳೆದುಕೊಳ್ಳುತ್ತದೆ. ಆಗ ತೆಳುವಾದ ಮೈಯ ಮೂಲಕ ಒಳಗಿನ ಬಿಳಿ ಅಸ್ಥಿಪಂಜರ ಕಾಣುತ್ತದೆ. ಅಂದರೆ ಹವಳ ಹಸಿದಿದೆ, ಇನ್ನೂ ಸತ್ತಿಲ್ಲ.

ರಾತ್ರಿ ದೀಪ ಆರಿಸಿದ ಮೇಲೆ ಗಮನಿಸಿ. ಪಾಲಿಪ್‌ಗಳು ಎಳೆಗಳನ್ನು ಚಾಚಿದರೆ ಜೀವ ಇದೆ ಎಂದರ್ಥ. ಮೈ ಕಳಚಿ, ಬರಿ ಅಸ್ಥಿಪಂಜರದ ಮೇಲೆ ಹಸಿರು ಪಾಚಿ ಕಟ್ಟಿದ್ದರೆ ಆ ಭಾಗ ಸತ್ತಿದೆ. ಆದರೂ ಪಕ್ಕದ ಜೀವಂತ ಭಾಗ ಮತ್ತೆ ಅದರ ಮೇಲೆ ಹಬ್ಬಬಹುದು.

ಏನು ಮಾಡಬೇಕು?

• ಮೊದಲು ನೀರು ಪರೀಕ್ಷಿಸಿ. ಶಾಖ 24ರಿಂದ 26 ಡಿಗ್ರಿ ಸೆಲ್ಸಿಯಸ್, ಉಪ್ಪಿನ ಅಂಶ ಲೀಟರಿಗೆ ಸುಮಾರು 35 ಗ್ರಾಂ ಇರಲಿ. ವ್ಯತ್ಯಾಸವಿದ್ದರೆ ನಿಧಾನವಾಗಿ ಸರಿಪಡಿಸಿ.

• ಚಿಕ್ಕ ತೊಟ್ಟಿಯಲ್ಲಿ ನೀರು ಆರುತ್ತದೆ, ಉಪ್ಪು ಆರುವುದಿಲ್ಲ. 40 ಲೀಟರ್ ತೊಟ್ಟಿಯಲ್ಲಿ 2 ಲೀಟರ್ ಆರಿದರೆ 35 ಗ್ರಾಂ ಇದ್ದದ್ದು ಸುಮಾರು 37 ಆಗುತ್ತದೆ. ಹಾಗಾಗಿ ಆರಿದಷ್ಟು ಆರ್‌ಒ ನೀರನ್ನು ದಿನವೂ ತುಂಬಿಸಿ.

• ಬೆಳಕು ಕಡಿಮೆ ಮಾಡಿ. ಚೇತರಿಸಿಕೊಂಡಂತೆ ವಾರಗಳ ಅವಧಿಯಲ್ಲಿ ಹೆಚ್ಚಿಸಿ. ನೀರಿನ ಹರಿವು ಮೆದುವಾಗಿರಲಿ.

• ಎಳೆಗಳು ಚಾಚಿದಾಗ ಹವಳದ ಆಹಾರವನ್ನು ಚೂರೇ ಚೂರು ಕೊಡಿ. ಉಳಿದದ್ದು ಕೊಳೆತು ನೀರು ಕೆಡಿಸುತ್ತದೆ.

• ವಾರಕ್ಕೊಮ್ಮೆ ಸುಮಾರು ಶೇ. 10ರಷ್ಟು ನೀರು ಬದಲಿಸಿ. ಹವಳವನ್ನು ಪದೇ ಪದೇ ಎತ್ತಿ ಜಾಗ ಬದಲಿಸಬೇಡಿ.

ಏನು ಮಾಡಬಾರದು?

ಅಡುಗೆ ಉಪ್ಪು ಬೇಡ. ಅದು ಬಹುತೇಕ ಸೋಡಿಯಂ ಕ್ಲೋರೈಡ್ ಮಾತ್ರ. ಅಸ್ಥಿಪಂಜರ ಕಟ್ಟಲು ಬೇಕಾದ ಕ್ಯಾಲ್ಸಿಯಂ, ಜೊತೆಗೆ ಮೆಗ್ನೀಸಿಯಂ ಇರುವ ಸಮುದ್ರ ಅಕ್ವೇರಿಯಂ ಉಪ್ಪನ್ನೇ ಬಳಸಿ. ತಾಮ್ರ ಇರುವ ಮೀನಿನ ಔಷಧಿಯನ್ನಂತೂ ಹಾಕಲೇಬೇಡಿ. ಮೀನಿಗೆ ಮದ್ದಾದದ್ದು ಹವಳಕ್ಕೆ ವಿಷ.

ನಿಮ್ಮ ಸುರಕ್ಷತೆ

ಗುಂಡಿಯಂತೆ ಕಾಣುವ ಕೆಲವು ಝೊಆಂತಿಡ್‌ಗಳಲ್ಲಿ ಪಾಲಿಟಾಕ್ಸಿನ್ ಎಂಬ ಅಪಾಯಕಾರಿ ವಿಷ ಇರುತ್ತದೆ. ಅವು ಅಂಟಿರುವ ಕಲ್ಲನ್ನು ಸ್ವಚ್ಛ ಮಾಡಲೆಂದು ಕುದಿಸಬೇಡಿ, ಆ ಆವಿ ಮನೆಮಂದಿಗೆಲ್ಲ ಅಪಾಯ. ಮುಟ್ಟುವಾಗ ಕೈಗವಸು, ಕನ್ನಡಕ ಇರಲಿ.

ಹೊಸದನ್ನು ಸಮುದ್ರದಿಂದ ತರಬಹುದೇ?

ಬೇಡ. ಮುರುಡೇಶ್ವರದ ಬಳಿಯ ನೇತ್ರಾಣಿಯಲ್ಲೂ ಹವಳಗಳಿವೆ. ಆದರೆ ಗಟ್ಟಿ ಹವಳಗಳು ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ಮೊದಲ ಅನುಸೂಚಿಯಲ್ಲಿವೆ. ನಮ್ಮ ಸಮುದ್ರದಿಂದ ಅವನ್ನು ಕಿತ್ತು ತರುವುದು ಅಪರಾಧ.

ಒಟ್ಟಿನಲ್ಲಿ

ಬಿಳುಚಿದ ಹವಳಕ್ಕೆ ಬೇಕಾದದ್ದು ಹೊಸ ಹೊಸ ಮದ್ದಲ್ಲ, ಏರುಪೇರಿಲ್ಲದ ನೀರು ಮತ್ತು ನಿಮ್ಮ ತಾಳ್ಮೆ. ಬಣ್ಣ ಮರಳಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು. ಎಲ್ಲ ಹವಳವೂ ಉಳಿಯುತ್ತದೆ ಎನ್ನಲಾಗದು. ಆದರೆ ಬೆಳ್ಳಗಾಯಿತೆಂದು ಎಸೆಯುವ ಮುನ್ನ ಒಂದು ರಾತ್ರಿ ಕಾದು ನೋಡಿ.