ಬ್ಯಾಂಡ್ ಪ್ರವಾಸದ ಸಿದ್ಧತೆ

ಧ್ವನಿಮುದ್ರಣ ಕಂಪನಿಯ ಆಸರೆಯಿಲ್ಲದ ಸ್ವತಂತ್ರ ಸಂಗೀತ ತಂಡ ಊರೂರು ಕಾರ್ಯಕ್ರಮಕ್ಕೆ ಹೊರಡುವ ಮುನ್ನ ಮಾಡಿಕೊಳ್ಳುವ ಏರ್ಪಾಡು. ಕರ್ನಾಟಕದಲ್ಲಿ ಇದರ ಹಿರಿಯ ಮಾದರಿ ವೃತ್ತಿನಾಟಕ ಕಂಪನಿಗಳದು. 1884ರಲ್ಲಿ ಆರಂಭವಾದ ಗುಬ್ಬಿ ಕಂಪನಿಯಂಥವು ಪರದೆ, ವಾದ್ಯ, ಸಂಸಾರ ಸಮೇತ ಕ್ಯಾಂಪಿನಿಂದ ಕ್ಯಾಂಪಿಗೆ ಸಾಗುತ್ತಿದ್ದವು. ಈಚೆಗೆ ರಘು ದೀಕ್ಷಿತ್ ಪ್ರಾಜೆಕ್ಟ್ ಎಂಬ ತಂಡ ಶಿಶುನಾಳ ಶರೀಫರ ತತ್ವಪದಗಳನ್ನೂ ಹೊತ್ತು ದೇಶ ಸುತ್ತಿತು. 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದಲ್ಲೂ ಹಾಡಿತು. ವಿದೇಶಕ್ಕೆ ಹೋಗುವವರು ವೀಸಾದ ಜೊತೆಗೆ ವಾದ್ಯಗಳ ಕಸ್ಟಮ್ಸ್ ಕಾಗದವನ್ನೂ ಮೊದಲೇ ಮಾಡಿಸಬೇಕು.

ತಾಲೀಮು ಬಿಡಿ ಹಾಡುಗಳದಾದರೆ ಸಾಲದು. ಇಡೀ ಕಾರ್ಯಕ್ರಮವನ್ನು ಗಡಿಯಾರ ಇಟ್ಟುಕೊಂಡು, ನಿಂತೇ ನುಡಿಸಬೇಕು. ಎಷ್ಟು ಮೈಕು, ಯಾರ ಜಾಗ ಎಲ್ಲಿ, ಎಷ್ಟು ವಿದ್ಯುತ್ತು ಎಂಬ ಪಟ್ಟಿ ಮತ್ತು ವೇದಿಕೆಯ ನಕ್ಷೆ ಸಂಘಟಕರ ಕೈಗೆ ಮುಂಚೆಯೇ ಸೇರಬೇಕು. ಸಂಭಾವನೆ, ಮುಂಗಡ, ಊಟ, ವಸತಿ ಬರಹದಲ್ಲಿರಲಿ. ಸ್ನೇಹದ ಸಲುಗೆಯಲ್ಲಿ ಇದನ್ನು ಬಿಟ್ಟ ತಂಡಗಳೇ ಹೆಚ್ಚು ಬಳಲುವುದು.

ಪ್ರವಾಸ ಕಲಬುರಗಿ ಸೀಮೆಯಲ್ಲಾದರೆ ದಾರಿಯ ಲೆಕ್ಕವೂ ಮುಖ್ಯ. ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂಗೆ ರೈಲಿದೆ. ಕೊಡ್ಲಿ, ಚಿಂಚೋಳಿಗೆ ರಸ್ತೆಯೇ ಗತಿ. ಹಾಗಾಗಿ ಅಲ್ಲಿಗೆ ಹೋಗುವವರು ಹತ್ತಿರದ ರೈಲು ನಿಲ್ದಾಣದಲ್ಲಿ ಇಳಿದು ಟೆಂಪೊ ಹಿಡಿಯುವುದು ಅನುಕೂಲ. ಬೇಸಿಗೆಯಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ತಂತಿ, ಚರ್ಮವಾದ್ಯಗಳ ಶ್ರುತಿ ಕದಲುತ್ತದೆ. ವಾದ್ಯಗಳನ್ನು ಮುಚ್ಚಿದ ವಾಹನದಲ್ಲಿ ಬಿಡಬಾರದು. ಹೆಚ್ಚುವರಿ ತಂತಿ, ಕೇಬಲ್, ಜನರೇಟರ್ ಬೇಕೇ ಬೇಕು. ಸ್ಥಳೀಯ ತತ್ವಪದ ಗಾಯಕರನ್ನು ಅದೇ ವೇದಿಕೆಗೆ, ಸಂಭಾವನೆ ಕೊಟ್ಟೇ, ಕರೆಯುವುದು ಒಳ್ಳೆಯ ಕ್ರಮ.