ಬೀಗವೂ ಕೈಚಳಕವೂ

ಬೀಗವನ್ನು ತೆರೆಯುವ ಸಾಧನಕ್ಕೆ ನಮ್ಮ ಜನ ‘ಬೀಗದ ಕೈ’ ಎಂದು ಹೆಸರಿಟ್ಟಿದ್ದಾರೆ. ಉತ್ತರದ ಸೀಮೆಯಲ್ಲಿ ಬೀಗವೇ ‘ಕೀಲಿ’ಯಾದರೂ ಅದನ್ನು ತೆರೆಯುವುದು ‘ಕೀಲಿಕೈ’ಯೇ. ಈ ನಾಮಕರಣದಲ್ಲಿ ಸೂಕ್ಷ್ಮವಾದ ಯಂತ್ರಜ್ಞಾನವೊಂದು ಅಡಗಿದೆಯೆಂದು ನನಗೆ ತೋರುತ್ತದೆ. ಬೀಗಕ್ಕೆ ಯಜಮಾನನ ಮುಖಪರಿಚಯವಿಲ್ಲ, ಕಳ್ಳನ ಕುಲಗೋತ್ರಗಳೂ ತಿಳಿಯವು. ತನ್ನ ಗರ್ಭದೊಳಗಿನ ಅಡೆತಡೆಗಳನ್ನು ತಕ್ಕ ಎತ್ತರದಲ್ಲಿ ಎತ್ತಿ ಹಿಡಿಯುವ ಕೈ ಯಾವುದಾದರೂ ಅದಕ್ಕೆ ಸಮ್ಮತವೇ. ಆದುದರಿಂದ ಬೀಗಗಳ ಚರಿತ್ರೆಯನ್ನು ಹೇಳಹೊರಟವನು ಅವನ್ನು ನಿರ್ಮಿಸಿದವರನ್ನು ಮಾತ್ರ ಸ್ಮರಿಸಿ ಮುಗಿಸಲಾರನು. ಕೈಯಿಲ್ಲದೆ ತೆರೆದವರೂ ಆ ಚರಿತ್ರೆಯ ಅರ್ಧವನ್ನು, ಬಹುಶಃ ಹೆಚ್ಚು ಸ್ವಾರಸ್ಯವಾದ ಅರ್ಧವನ್ನು, ಬರೆದಿದ್ದಾರೆ.

ಈಗಿನ ಇರಾಕಿನ ಖೋರ್ಸಾಬಾದಿನಲ್ಲಿದ್ದ ಅಸ್ಸೀರಿಯದ ಅರಮನೆಯ ಬಾಗಿಲಿಗೆ ಮರದ ಬೀಗವಿತ್ತು. ಮೇಲಿನಿಂದ ಕೆಲವು ಗೂಟಗಳು ಸ್ವಭಾರದಿಂದಲೇ ಇಳಿದು ಅಗುಳಿಯ ರಂಧ್ರಗಳಲ್ಲಿ ಕುಳಿತುಕೊಳ್ಳುವುದು, ಹಲ್ಲುಗಳುಳ್ಳ ಮರದ ಕೈಯೊಂದು ಕೆಳಗಿನಿಂದ ಅವನ್ನು ಎತ್ತಿದಾಗ ಅಗುಳಿ ಸರಿಯುವುದು: ಇಷ್ಟೇ ಅದರ ತಂತ್ರ. ರೋಮನರು ಲೋಹವನ್ನು ತಂದರು, ಬೀಗದ ಕೈಯನ್ನು ಉಂಗುರವಾಗಿ ಬೆರಳಿಗೆ ಧರಿಸುವಷ್ಟು ಕಿರಿದುಗೊಳಿಸಿದರು. ಆದರೆ ಅಲ್ಲಿಂದ ಮುಂದೆ ಯೂರೋಪಿನ ಬೀಗಗಳು ಶತಮಾನಗಳ ಪರ್ಯಂತ ಒಳಗೋಡೆಗಳನ್ನೇ ನಂಬಿಕೊಂಡಿದ್ದವು. ಆ ಗೋಡೆಗಳಿಗೆ ತಾಗದಂತೆ ಮೈಸವೆಸಿದ ತೆಳುವಾದ ಕೈ ಸಿಕ್ಕರೆ ಎಷ್ಟೋ ಬೀಗಗಳು ಒಂದೇ ಕೈಗೆ ಶರಣಾಗುತ್ತಿದ್ದವು. ನಮ್ಮಲ್ಲಿಯೂ ಶೂದ್ರಕನ ‘ಮೃಚ್ಛಕಟಿಕ’ದ ಶರ್ವಿಲಕನು, ಕನ್ನ ಕೊರೆಯಬಂದಾಗ ಅಳತೆಯ ದಾರವನ್ನು ಮರೆತು ಜನಿವಾರದಿಂದಲೇ ಗೋಡೆಯನ್ನು ಅಳೆಯುವನಷ್ಟೆ, ಯಂತ್ರದಿಂದ ಬಿಗಿದ ಕದವನ್ನು ತೆರೆಯುವುದಕ್ಕೂ ಆ ಸೂತ್ರ ಒದಗುವುದೆಂದು ಅವನು ಹಿಗ್ಗುತ್ತಾನೆ. ದಾರಕ್ಕೆ ಮಣಿಯುವ ಯಂತ್ರ ಅಷ್ಟೇನೂ ಘನವಾದದ್ದಾಗಿರಲಿಲ್ಲವೆಂದು ಊಹಿಸಬಹುದು.

ನಿಜವಾದ ಪರಿವರ್ತನೆ ಬಂದದ್ದು 1778ರಲ್ಲಿ. ಇಂಗ್ಲೆಂಡಿನ ರಾಬರ್ಟ್ ಬ್ಯಾರನ್ ಎಂಬವನು ತನ್ನ ಬೀಗದ ಲಿವರುಗಳನ್ನು ಸಾಕಷ್ಟು ಎತ್ತಬೇಕು, ಆದರೆ ಮಿತಿಮೀರಿ ಎತ್ತಬಾರದು ಎಂಬ ನಿಯಮವನ್ನು ವಿಧಿಸಿದನು. 1784ರಲ್ಲಿ ಜೋಸೆಫ್ ಬ್ರಾಮನು ಕೊಳವೆಯಾಕಾರದ ಕೈಯುಳ್ಳ ಹೊಸ ಬೀಗಕ್ಕೆ ಪೇಟೆಂಟು ಪಡೆದು, ಅಂತಹದೊಂದನ್ನು ಪಿಕಡಿಲಿಯ ತನ್ನ ಅಂಗಡಿಯ ಕಿಟಕಿಯಲ್ಲಿಟ್ಟು, ಕೈಯಿಲ್ಲದೆ ತೆರೆಯುವ ಸಾಧನವನ್ನು ಮಾಡಬಲ್ಲವನಿಗೆ 200 ಗಿನಿಗಳ ಬಹುಮಾನವೆಂದು ಸಾರಿದನು. ಆ ಬೀಗ ಅಲ್ಲಿಯೇ ದಶಕಗಳ ಕಾಲ ಬೀಗುತ್ತ ಕುಳಿತಿತ್ತು. ಅದರ ಅವಯವಗಳನ್ನು ಬೇಕಾದಷ್ಟು ನಿಖರವಾಗಿ ಕಡೆಯಲು ಕೈಕೆಲಸ ಸಾಲದೆ, ಬ್ರಾಮನ ಬಳಿಯಿದ್ದ ತರುಣ ಹೆನ್ರಿ ಮಾಡ್ಸ್‌ಲೆ ಹೊಸ ಯಂತ್ರೋಪಕರಣಗಳನ್ನು ರಚಿಸಬೇಕಾಯಿತು. ಬೀಗದ ಚರಿತ್ರೆ ನಿಖರತೆಯ ಚರಿತ್ರೆಯೇ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ನನಗೆ ಬೇಕಿಲ್ಲ.

1818ರಲ್ಲಿ ಜೆರೆಮಯ್ಯ ಚಬ್ಬನು, ಯಾರಾದರೂ ಲಿವರನ್ನು ಅತಿಯಾಗಿ ಎತ್ತಿದೊಡನೆ ಸ್ತಂಭಿಸಿ ನಿಂತು, ಅನಧಿಕೃತ ಪ್ರಯತ್ನ ನಡೆಯಿತೆಂದು ಯಜಮಾನನಿಗೆ ಚಾಡಿ ಹೇಳುವ ಬೀಗವನ್ನು ನಿರ್ಮಿಸಿದನು. ಈ ಎರಡು ಬೀಗಗಳ ಮೇಲೆ ಇಂಗ್ಲೆಂಡು ನಿಶ್ಚಿಂತೆಯಿಂದ ನಿದ್ರಿಸುತ್ತಿದ್ದಾಗ, 1851ರ ಮಹಾಪ್ರದರ್ಶನಕ್ಕೆ ಅಮೆರಿಕದಿಂದ ಆಲ್ಫ್ರೆಡ್ ಹಾಬ್ಸ್ ಎಂಬ ಬೀಗದ ವ್ಯಾಪಾರಿ ಬಂದನು. ಜುಲೈ 22ರಂದು ವೆಸ್ಟ್‌ಮಿನ್‌ಸ್ಟರಿನ ಮನೆಯೊಂದರಲ್ಲಿ ಚಬ್ಬನ ಬೀಗವನ್ನು 25 ನಿಮಿಷಗಳಲ್ಲಿ ತೆರೆದು, ಏನೂ ನಡೆಯಲಿಲ್ಲವೆಂಬಂತೆ 7 ನಿಮಿಷಗಳಲ್ಲಿ ಮತ್ತೆ ಮುಚ್ಚಿದನು. ಚಾಡಿ ಹೇಳಲು ಇಟ್ಟಿದ್ದ ಅವಯವವೇ ಯಾವ ಲಿವರು ಎಷ್ಟು ಹೆಚ್ಚಾಯಿತೆಂದು ಅವನಿಗೂ ಹೇಳಿಕೊಟ್ಟಿತು. ಚಾಡಿಕೋರನು ಎರಡೂ ಕಡೆಗೆ ಹೇಳುವನೆಂಬುದು ಹೊಸ ಸಂಗತಿಯೇನಲ್ಲ. ಅನಂತರ ಬ್ರಾಮನ ಬೀಗದ ಮುಂದೆ ಕುಳಿತು, 16 ದಿನಗಳ ಅವಧಿಯಲ್ಲಿ ಒಟ್ಟು 51 ಗಂಟೆ ಶ್ರಮಿಸಿ ಅದನ್ನೂ ತೆರೆದು, 200 ಗಿನಿಗಳನ್ನು ಪಡೆದನು. ಅಷ್ಟು ಹೊತ್ತಿಗೆ ಬ್ರಾಮನು ತೀರಿಕೊಂಡು ಸುಮಾರು 37 ವರ್ಷಗಳಾಗಿದ್ದವು. ಹಾಬ್ಸನು ಅಜೇಯವೆಂದು ಹೊಗಳಿ ಮಾರಲು ತಂದಿದ್ದ ಬೀಗವನ್ನು ಮುಂದೆ ಲೈನಸ್ ಯೇಲ್ ಎಂಬ ಸ್ವದೇಶೀಯನೇ ತೆರೆದನೆಂಬುದನ್ನೂ ಇಲ್ಲಿ ಹೇಳಿಬಿಡಬೇಕು.

ಈ ಕಿರಿಯ ಯೇಲನು, ತನ್ನ ತಂದೆ ಹಿಡಿದಿದ್ದ ದಾರಿಯಲ್ಲಿ ಮುಂದುವರಿದು, 1860ರ ದಶಕದಲ್ಲಿ ರೂಪಿಸಿದ ಪಿನ್ನಿನ ಬೀಗವೇ ಇಂದು ಲೋಕವನ್ನೆಲ್ಲ ವ್ಯಾಪಿಸಿದೆ. ತತ್ತ್ವದಲ್ಲಿ ಅದು ಅಸ್ಸೀರಿಯದ ಗೂಟಗಳಿಗೆ ಸ್ಪ್ರಿಂಗು ಕೂಡಿದ ಪುನರ್ಜನ್ಮ. ಪ್ರತಿಯೊಂದು ಪಿನ್ನೂ ಅಡ್ಡಲಾಗಿ ಎರಡು ತುಂಡು. ಆ ಸೀಳುಗಳೆಲ್ಲವೂ ಒಳಗಿನ ಉರುಳೆಯ ಅಂಚಿಗೆ ಸಮನಾಗಿ ಬಂದಾಗ ಉರುಳೆ ತಿರುಗುತ್ತದೆ. ಐದು ಪಿನ್ನುಗಳಿಗೆ ಹತ್ತು ಹತ್ತು ಎತ್ತರಗಳೆಂದರೆ ಲಕ್ಷ ಬಗೆಯ ಕೈಗಳಾದವು. ಕೈಯಿಲ್ಲದವನು ಲಕ್ಷ ಬಾರಿ ಪ್ರಯತ್ನಿಸಬೇಕು. ಆದರೆ ಐದು ರಂಧ್ರಗಳನ್ನೂ ಕೂದಲೆಳೆಯಷ್ಟೂ ಓರೆಯಾಗದಂತೆ ಒಂದೇ ಸಾಲಿನಲ್ಲಿ ಕೊರೆಯಬಲ್ಲ ಯಂತ್ರ ಇನ್ನೂ ಹುಟ್ಟಿಲ್ಲ. ಬಾಗಿದ ಪಟ್ಟಿಯೊಂದರಿಂದ ಉರುಳೆಯನ್ನು ಮೆಲ್ಲಗೆ ಒತ್ತಿಹಿಡಿದರೆ ಐದರಲ್ಲಿ ಒಂದೇ ಪಿನ್ನು ಮೊದಲು ಬಿಗಿಯುತ್ತದೆ. ಅದನ್ನು ಸಣ್ಣ ಕೊಕ್ಕೆಯಿಂದ ಎತ್ತುತ್ತ ಬಂದರೆ, ಸೀಳು ಅಂಚಿಗೆ ಬಂದ ಕ್ಷಣದಲ್ಲಿ ಟಿಕ್ಕೆಂಬ ಸ್ಪಂದನವಾಗಿ, ಉರುಳೆ ತುಸುವೇ ಸರಿದು, ಮತ್ತೊಂದು ಬಿಗಿಯುತ್ತದೆ. ಲಕ್ಷವು ಐವತ್ತಾಯಿತು. ನಡುವು ಸಣ್ಣಗಿರುವ ಪಿನ್ನುಗಳನ್ನಿಟ್ಟು, ತೆರೆಯಿತೆಂಬ ಭ್ರಾಂತಿ ಹುಟ್ಟಿಸುವ ಉಪಾಯವನ್ನು ತಯಾರಕರು ಕಂಡುಹಿಡಿದರು. ಬೆರಳುಗಳು ಆ ಭ್ರಾಂತಿಯನ್ನೂ ಗುರುತಿಸಲು ಕಲಿತವು.

ಕೊಂಡಿಯ ಬೀಗದ ಕಥೆ ಸ್ವಲ್ಪ ಬೇರೆ. ಅಮೆರಿಕದ ಹ್ಯಾರಿ ಸೊರೆಫನು 1920ರ ದಶಕದಲ್ಲಿ ಉಕ್ಕಿನ ಹಾಳೆಗಳನ್ನು ಒಂದರ ಮೇಲೊಂದಿಟ್ಟು ರಿವೆಟ್ಟು ಬಡಿದು ಗಟ್ಟಿಯಾದ ಅಗ್ಗದ ಮೈಯನ್ನು ಕೊಟ್ಟನು. ಆದರೆ ಕೊಂಡಿಯನ್ನು ಹಿಡಿಯುವ ನಾಲಗೆ ಬರಿಯ ಸ್ಪ್ರಿಂಗಿನ ಮೇಲೆ ನಿಂತಿದ್ದರೆ, ತೆಳುವಾದ ತಗಡಿನ ಚೂರೊಂದನ್ನು ಸಂದಿನಲ್ಲಿ ತೂರಿಸಿ ಅದನ್ನು ಹಿಂದೆ ಸರಿಸಬಹುದು. ಪಿನ್ನುಗಳನ್ನು ಮಾತನಾಡಿಸುವ ಅಗತ್ಯವೇ ಇಲ್ಲ. ಉತ್ತಮ ಬೀಗಗಳಲ್ಲಿ ನಾಲಗೆಯ ಬದಲು ಎರಡು ಉಕ್ಕಿನ ಗುಂಡುಗಳಿರುವುದು ಇದಕ್ಕಾಗಿಯೇ. ಫಿನ್ಲೆಂಡಿನ ಎಮಿಲ್ ಹೆನ್ರಿಕ್ಸನ್ 1907ರಲ್ಲಿ ಸ್ಪ್ರಿಂಗುಗಳನ್ನೇ ತೊರೆದು, ತಿರುಗುವ ಬಿಲ್ಲೆಗಳ ಬೀಗವನ್ನು ಕಲ್ಪಿಸಿದನು. ನಮ್ಮ ದೇಶದಲ್ಲಿ, 1897ರಲ್ಲಿ ಮುಂಬಯಿಯಲ್ಲಿ ಅರ್ದೇಶಿರ್ ಗೋದ್ರೆಜರು ಬೀಗದ ಉದ್ಯಮವನ್ನು ಆರಂಭಿಸಿದರು. ಅಲೀಗಢವೂ ದಿಂಡಿಗಲ್ಲೂ ಬೀಗದಿಂದಲೇ ಹೆಸರಾದವು. ಅಂಗಡಿಯವನು ‘ಆರು ಲಿವರು, ಸ್ವಾಮಿ’ ಎಂದು ಹೇಳಿದಾಗ ಬ್ಯಾರನನ ನಿಯಮವೇ ಆರು ಸಲ ಪುನರುಕ್ತವಾಗಿದೆಯೆಂದು ತಿಳಿಯತಕ್ಕದ್ದು.

ಹಾಬ್ಸನ ಹಿಂದೆಯೇ ಒಂದು ವಿವಾದ ಎದ್ದಿತ್ತು: ಇಂತಹ ವಿದ್ಯೆಯನ್ನು ಬಹಿರಂಗಪಡಿಸುವುದು ಯುಕ್ತವೆ? ಕಳ್ಳರಿಗೆ ಆಗಲೇ ತಿಳಿದಿದೆ, ತಿಳಿಯದಿರುವುದು ಬೀಗ ಕೊಳ್ಳುವವರಿಗೆ ಮಾತ್ರ ಎಂಬುದು 1853ರ ಅವನ ಗ್ರಂಥದ ವಾದ. 1997ರಲ್ಲಿ ಜರ್ಮನಿಯ ಹ್ಯಾಂಬರ್ಗಿನಲ್ಲಿ ಬೀಗ ತೆರೆಯುವುದನ್ನೇ ಕ್ರೀಡೆಯಾಗಿಸಿಕೊಂಡ ಸಂಘವೊಂದು ಸ್ಥಾಪಿತವಾಯಿತು. 2003ರಲ್ಲಿ ಮ್ಯಾಟ್ ಬ್ಲೇಜ್ ಎಂಬ ಗಣಕವಿಜ್ಞಾನಿ, ಕಟ್ಟಡದ ಒಂದು ಕೋಣೆಯ ಕೈಯೂ ಕೆತ್ತದ ಕೆಲವು ಕೈಗಳೂ ಇದ್ದರೆ ಎಲ್ಲ ಕೋಣೆಗಳನ್ನೂ ತೆರೆಯುವ ಮಾಸ್ಟರ್ ಕೈಯನ್ನು ಹೇಗೆ ಕಂಡುಕೊಳ್ಳಬಹುದೆಂದು ಪ್ರಕಟಿಸಿದರು. ಬೀಗದ ಕಸುಬಿನ ಕೆಲವರು ಅವರ ಮೇಲೆ ಕೆರಳಿದರು. ವಿಷಯ ಸುಳ್ಳೆಂದಲ್ಲ, ತಮ್ಮವರಿಗೆ ಬಹುಕಾಲದಿಂದ ಗೊತ್ತಿದ್ದುದನ್ನು ಹೊರಗೆ ಹೇಳಿಬಿಟ್ಟರೆಂದು.